ಹದ್ದಕ್ಕ ಪಾಸು ಮಾಡಿದ ಅಂಗಿಗಳು

ಮೂರನೆಯ ಪೆಟ್ಟಿಗೆ ಬಿಚ್ಚಿದಾಗಲೂ ಕಾಲರು ಸೊಟ್ಟಗೇ ಇತ್ತು.

ಅಂಗಿ ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಬಂದಿದ್ದವನು ಮಾತು ಕಡಿಮೆಯ ಮನುಷ್ಯ. ಬಿಳಿ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಾಲರಿನ ಎರಡು ತುದಿ ಹಿಡಿದು ಒಂದರ ಮೇಲೊಂದು ಕೂರಿಸಿ ತೋರಿಸಿದ. ಎಡಗಡೆಯದು ಬಲಗಡೆಯದಕ್ಕಿಂತ ಕಾಲು ಇಂಚು ಉದ್ದ. ತೊಟ್ಟು ಕನ್ನಡಿ ಮುಂದೆ ನಿಂತವನಿಗೆ ತನ್ನ ಕತ್ತೇ ಡೊಂಕೇನೋ ಅನ್ನಿಸುವಷ್ಟು. ಅವನು ಒಳಗಿನ ಚೀಟಿ ತಿರುಗಿಸಿ ಚೆಕ್ಕರ್ ನಂಬರು ಓದಿದ. ಹದಿನಾಲ್ಕು. ಮೊದಲ ಪೆಟ್ಟಿಗೆಯದೂ ಹದಿನಾಲ್ಕು, ಎರಡನೆಯದೂ ಹದಿನಾಲ್ಕೇ.

ಸೂಪರ್‌ವೈಸರ್ ಚೀಟಿ ಇಸಿದುಕೊಂಡು ತಾನೂ ಒಮ್ಮೆ ಓದಿದ. ಓದಿದರೆ ನಂಬರು ಬದಲಾದೀತು ಎಂಬ ಆಸೆ ಅವನಿಗಿದ್ದಿರಬೇಕು.

"ಹದಿನಾಲ್ಕು ಅಂದ್ರೆ ನಮ್ಮ ಹದ್ದಕ್ಕ ಅಲ್ವಾ?" ಎಂದು ಗಾಳಿಯನ್ನು ಕೇಳಿದ.

ಆ ಹೆಸರು ಹೊಲಿಗೆಯ ಲೈನಿನ ಹೆಂಗಸರು ಇಟ್ಟದ್ದು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹಾಕಿ ತಪ್ಪು ಹುಡುಕುವುದು. ಬಿಟ್ಟುಹೋದ ಒಂದು ಹೊಲಿಗೆ, ಅರೆಬರೆ ಕತ್ತರಿಸಿದ ಕಾಜ, ಒಳಮಡಿಕೆಯಲ್ಲಿ ಅಡಗಿ ಕೂತ ಎಣ್ಣೆಯ ಚುಕ್ಕೆ, ಯಾವುದೂ ಅವಳ ಕಣ್ಣು ತಪ್ಪಿಸಿ ಪೆಟ್ಟಿಗೆ ಸೇರಿದ್ದಿಲ್ಲ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಗೊಣಗುವವರಿಗೆ ಅವಳ ಉತ್ತರ ಸಿದ್ಧವಿರುತ್ತಿತ್ತು: "ಕಲ್ಲು ಇರುತ್ತಲ್ಲಾ, ಅದಕ್ಕೇ ಸಿಗುತ್ತೆ. ನಿಮ್ಮ ಹಲ್ಲು ಉಳೀಲಿ ಅಂತ ನಾನು ನೋಡೋದು."

ಕರೆದ ಕೂಡಲೇ ಅವಳು ಬಂದಳು. ಅಂಗಿ ಎತ್ತಿ, ತಾನೇ ಕಾಲರಿನ ತುದಿಗಳನ್ನು ಕೂಡಿಸಿ ನೋಡಿದಳು.

"ನಂದೇ ಸರ್."

"ಸೋಮವಾರದಿಂದ ಎಷ್ಟು ಪಾಸ್ ಮಾಡಿದೀರಾ?"

"ಆರ್ನೂರ ನಲ್ವತ್ತು."

ಬೇರೆ ಯಾರಾದರೂ ಆಗಿದ್ದರೆ ಸೂಪರ್‌ವೈಸರ್ ಆ ಮಹಡಿಯ ಕಿಟಕಿಗಳು ನಡುಗುವ ಹಾಗೆ ಕೂಗುತ್ತಿದ್ದ. ಆದರೆ ಅವಳಿಗೆ ಎದೆಯಲ್ಲಿ ಕ್ಯಾನ್ಸರ್ ಆಗಿದೆ, ಶುಕ್ರವಾರ ಆಪರೇಷನ್ ಇದೆ ಎಂಬುದು ಮಹಡಿಗೆಲ್ಲ ಗೊತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅವನು ನಿಂತುಬಿಟ್ಟ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ನೀವು ನಾಳೆಯಿಂದ ರಜಾ ತಾನೇ? ಇವತ್ತೇ ಹೊರಡಿ ಅಕ್ಕಾ. ಇದನ್ನ ಬೇರೆಯೋರು ನೋಡ್ಕೋತಾರೆ."

"ಬೇರೆಯೋರು ಯಾಕೆ ನೋಡ್ಬೇಕು? ಅಷ್ಟೂ ಪೆಟ್ಟಿಗೆ ನನ್ನ ಮೇಜಿಗೆ ಹಾಕ್ಸಿ. ಸಂಜೆಯೊಳಗೆ ಮುಗಿಸ್ಕೊಡ್ತೀನಿ."

ಹತ್ತೊಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳಿಗೆ ಮೂರೇ ದಿನದಲ್ಲಿ ಏನು ಬಂತು ಎಂದು ಎಲ್ಲರೂ ಅಂದುಕೊಂಡರು. ರೋಗದ ಚಿಂತೆ, ಪಾಪ, ಎಂದರು. ಅದು ಚಿಂತೆ ಆಗಿರಲಿಲ್ಲ. ಚಿಂತೆ ಮಾಡಬಾರದೆಂದು ಅವಳು ಪಟ್ಟ ಪಾಡು ಅದು.

ರಿಪೋರ್ಟು ಬಂದು ಹದಿನಾರು ದಿನವಾಗಿತ್ತು. ಗಂಟು ಸಣ್ಣದು, ತೆಗೆದು ಆಮೇಲೆ ಔಷಧಿ ಕೊಟ್ಟರೆ ವಾಸಿಯಾಗುವ ಸಂಭವವೇ ಹೆಚ್ಚು ಎಂದು ಡಾಕ್ಟರಮ್ಮ ಹೇಳಿದ್ದರು. ಅವಳ ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಹುಟ್ಟಾ ಮಾತಿಲ್ಲದವನು. "ಎಲ್ಲಾ ಸರಿಹೋಗುತ್ತೆ" ಎಂದು ಡಾಕ್ಟರಮ್ಮನ ಕೋಣೆಯಲ್ಲೇ ಒಮ್ಮೆ ಹೇಳಿದ. ಅಲ್ಲಿಂದ ಮಾತ್ರೆಯ ಲೆಕ್ಕದಲ್ಲಿ ದಿನಕ್ಕೆ ಮೂರು ಸಲ ಹೇಳುತ್ತ ಬಂದ.

ಉಳಿದ ಉಸ್ತುವಾರಿ ನಾದಿನಿ ವಹಿಸಿಕೊಂಡಳು. ಎರಡು ಬೀದಿ ಆಚೆ ಮನೆ ಅವಳದು. ಮನೆಮನೆಗೆ ಹೋಗಿ ನೀರಿನ ಫಿಲ್ಟರು ಮಾರುತ್ತಾಳೆ. ಪ್ರತಿ ಸೋಮವಾರ ಬೆಳಗ್ಗೆ ಅವಳ ಕಂಪನಿಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, 'ನನ್ನಿಂದ ಆಗುತ್ತೆ' ಎಂದು ಹನ್ನೊಂದು ಸಲ ಕೂಗಿಸುತ್ತಾರೆ. ಹಾಗೆ ಕೂಗಿಯೇ ಅವಳು ಎರಡು ವರ್ಷ ಸತತವಾಗಿ ಎಲ್ಲರಿಗಿಂತ ಹೆಚ್ಚು ಫಿಲ್ಟರು ಮಾರಿದ್ದಳು. ಅದನ್ನು ಅಲ್ಲಗಳೆಯುವ ಹಾಗಿಲ್ಲ.

ರಿಪೋರ್ಟು ಬಂದ ಮಾರನೆಯ ದಿನ ಅವಳು ಹೊಸದೊಂದು ನೋಟ್‌ಬುಕ್ ತಂದು ಅತ್ತಿಗೆಯ ಕೈಗಿಟ್ಟಳು. ದಿನಾ ಊಟವಾದ ಮೇಲೆ ಮೂರು ಒಳ್ಳೆಯ ಸಂಗತಿ ಬರೆಯಬೇಕು. ಮನೆಯಲ್ಲಿ ಕೆಟ್ಟ ಮಾತು ಆಡಬಾರದು. ಆಡಿದವರು ಆಗಿಂದಾಗಲೇ ಮೂರು ಒಳ್ಳೆಯ ಮಾತು ಆಡಿ ಅದನ್ನು ತೊಳೆಯಬೇಕು. ಕಾಯಿಲೆಯ ಹೆಸರನ್ನಂತೂ ಎತ್ತಲೇ ಕೂಡದು.

"ಅವನು ಅತಿಥಿ ಅಷ್ಟೇ ಅತ್ತಿಗೆ. ಬಂದಿದಾನೆ, ಹೋಗ್ತಾನೆ."

"ಕರೀದೇ ಬಂದೋನಿಗೆ ಚಾಪೆ ಬೇರೆ ಹಾಸ್ಬೇಕೇನೇ?"

"ನೋಡಿ, ನೋಡಿ! ಮೂರು ಒಳ್ಳೇ ಮಾತು ಹೇಳಿ ಈಗ."

ಅವಳು ಹೇಳಿದಳು. ಬರೆದಳು ಕೂಡ. 'ಬಸ್ಸಿನಲ್ಲಿ ಸೀಟು ಸಿಕ್ಕಿತು. ನಲ್ಲಿಯಲ್ಲಿ ನೀರು ಚೆನ್ನಾಗಿ ಬಂತು.' ಮೂರನೆಯದಕ್ಕೆ ಬಂದಾಗ ಯಾವಾಗಲೂ ತಡವರಿಸುತ್ತಿದ್ದಳು. ಒಂದು ದಿನ ಏನೂ ತೋಚದೆ 'ಈ ಪೆನ್ನು ಚೆನ್ನಾಗಿ ಬರೆಯುತ್ತದೆ' ಎಂದು ಬರೆದು ಮುಗಿಸಿದ್ದಳು.

ಬರೆಯದೆ ಉಳಿದದ್ದು ಒಂದೇ. ಎಡಸೊಂಟದ ನೋವು. ಗಂಟು ಸಿಗುವ ಮೊದಲೇ ಶುರುವಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ, ಬಟ್ಟೆಯ ಕಟ್ಟು ಎತ್ತುವಾಗ, ಈಚೀಚೆಗೆ ಸುಮ್ಮನೆ ಮಲಗಿದ್ದಾಗಲೂ ಮೂಳೆಯ ಒಳಗಿಂದ ಯಾರೋ ಕೊರೆದ ಹಾಗೆ. ಹಿಂದಿನ ವಾರ ಡಾಕ್ಟರಮ್ಮ ಕೇಳಿಯೂ ಕೇಳಿದ್ದರು, "ಬೇರೆ ಎಲ್ಲಾದ್ರೂ ನೋವಿದ್ಯಾ? ಬೆನ್ನು, ಸೊಂಟ, ಮೂಳೆ?" ಅವಳು ಬಾಯಿ ತೆರೆಯುವಷ್ಟರಲ್ಲಿ ನಾದಿನಿ, "ಏನಿಲ್ಲ ಡಾಕ್ಟ್ರೇ, ನಮ್ಮತ್ತಿಗೆ ಕಲ್ಲುಗುಂಡು!" ಎಂದಿದ್ದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ನಿಲ್ಲುವಷ್ಟರಲ್ಲಿ ಡಾಕ್ಟರಮ್ಮ ಬರೆದುಕೊಂಡು ಮುಂದಿನ ಹಾಳೆಗೆ ಹೋಗಿದ್ದರು.

ಆಮೇಲೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಶುಕ್ರವಾರದ ಆಪರೇಷನ್ ನಿಂತುಹೋದರೆ? ಮೂಳೆಗೂ ಇಳಿದಿದೆ ಅಂದುಬಿಟ್ಟರೆ? ಆ ಮನೆ ನಿಂತಿದ್ದದ್ದೇ ಶುಕ್ರವಾರದ ಮೇಲೆ. ಅವಳಿಗೆ ಹೆದರಿಕೆಯಾಗಿತ್ತು, ಹೆದರಿಕೆ ಎನ್ನುವುದು ಆ ಮನೆಯಲ್ಲಿ ಕೆಟ್ಟ ಮಾತಾಗಿತ್ತು.

ಭಾನುವಾರ ನಾದಿನಿ ತರಕಾರಿ ಹೆಚ್ಚುತ್ತ ಕೂತವಳು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಒಂದು ಮಾತು ಹೇಳಿದಳು. "ಹತ್ತೊಂಬತ್ತು ವರ್ಷ, ದಿನಕ್ಕೆಂಟು ಗಂಟೆ ಬರೀ ತಪ್ಪನ್ನೇ ನೋಡಿದೀರಲ್ಲ ಅತ್ತಿಗೆ. ಏನನ್ನ ನೋಡ್ತೀವೋ ಅದೇ ಬೆಳೆಯೋದಂತೆ. ಇನ್ಮೇಲಾದ್ರೂ ಒಳ್ಳೇದನ್ನ ನೋಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿಯದವರೂ ಮುಟ್ಟಿ ನೋಡಿಕೊಳ್ಳುತ್ತಾರೆ ಎನ್ನುವುದು ಗಾದೆ ಕಟ್ಟಿದವರಿಗೆ ಗೊತ್ತಿದ್ದಂತಿಲ್ಲ. ಅತ್ತಿಗೆ ಹೆಚ್ಚಿದ ತರಕಾರಿಯನ್ನು ಎತ್ತಿ ಪಾತ್ರೆಗೆ ಹಾಕಿದಳು. ಆದರೆ ತಾನೇ ನೋಡಿ ನೋಡಿ ಈ ಗಂಟನ್ನು ಬೆಳೆಸಿಕೊಂಡೆನೇನೋ ಎಂಬ ಮಾತು ಒಳಗೆ ಇಳಿದು ಕೂತಿತು.

ಸೋಮವಾರ ಮೇಜಿನ ಮುಂದೆ ನಿಂತಾಗ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಅಂಗಿಯಲ್ಲಿ ಒಳ್ಳೆಯದನ್ನೇ ನೋಡಿದಳು. ಎಷ್ಟು ಸಮವಾದ ಹೊಲಿಗೆ! ಗುಂಡಿಗಳ ಹೊಳಪೇನು, ಬಟ್ಟೆಯ ಬಿಳುಪೇನು! ಇಷ್ಟು ವರ್ಷ ಅಂಗಿ ಎನ್ನುವುದು ಇಷ್ಟು ಚಂದದ ವಸ್ತು ಎಂದೇ ಅವಳಿಗೆ ಹೊಳೆದಿರಲಿಲ್ಲ. ಕಾಲರಿನ ತುದಿಗಳನ್ನು ಕೂಡಿಸಿ ನೋಡುವುದನ್ನು ಬಿಟ್ಟಳು. ಕೂಡಿಸುವುದೇ ಅನುಮಾನಪಟ್ಟು ಅಲ್ಲವೇ? ಅಂಗೈಯಿಂದ ಒಮ್ಮೆ ನೇವರಿಸಿ ಚೀಟಿ ಹಚ್ಚಿ ಆಚೆ ಇಡುತ್ತ ಹೋದಳು. ಮೂರು ದಿನ ಒಂದು ಅಂಗಿಯೂ ಲೈನಿಗೆ ವಾಪಸಾಗಲಿಲ್ಲ. ಹದ್ದಕ್ಕನಿಗೆ ಕನಿಕರ ಬಂತು ಎಂದು ಹೆಂಗಸರು ಖುಷಿಪಟ್ಟರು. ಅವಳಿಗೂ ಖುಷಿಯಾಗಿತ್ತು. ತನಗೂ ಬಂತಲ್ಲ ಈ ವಿದ್ಯೆ ಎಂದು.

ಈಗ ಆ ವಿದ್ಯೆಯ ಫಲವೆಲ್ಲ ಪೆಟ್ಟಿಗೆ ಪೆಟ್ಟಿಗೆಯಾಗಿ ಅವಳ ಮೇಜಿನ ಸುತ್ತ ಬಂದು ಬಿದ್ದಿತ್ತು. ಬಿಚ್ಚಿಕೊಡಲು ಕಾಲರ್ ಹೊಲಿಯುವವಳು ತಾನಾಗಿಯೇ ಬಂದು ಎದುರು ನಿಂತಳು. ಮಾತಿನಲ್ಲಿ ಚುರುಕು, ಕೈಯಲ್ಲಿ ಅದಕ್ಕಿಂತ ಚುರುಕು. ಅವಳು ಬಿಚ್ಚುವುದು, ಇವಳು ತುದಿ ಕೂಡಿಸುವುದು. ಸರಿಯಿದ್ದದ್ದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ಮಧ್ಯಾಹ್ನದ ಹೊತ್ತಿಗೆ ಎಡಗಡೆಯ ರಾಶಿ ಸೊಂಟದೆತ್ತರ ಬಂದಿತ್ತು.

"ಅಕ್ಕಾ, ಒಂದ್ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಹೇಳು. ಇನ್ನೇನು ಬೇಜಾರು ಬಾಕಿ ಇದೆ?"

"ಸೋಮವಾರ ಬೆಳಗ್ಗೆನೇ ನಂಗೆ ಅನುಮಾನ ಬಂದಿತ್ತು. ಕಾಲರಿಗೆ ಇಡ್ತೀವಲ್ಲ ಪ್ಲಾಸ್ಟಿಕ್ ಅಚ್ಚು, ಅದರ ಒಂದು ಮೂಲೆ ಸವೆದಿತ್ತು. ಆದ್ರೆ ನಿಮ್ಮಿಂದ ಒಂದೂ ವಾಪಸ್ ಬರ್ಲಿಲ್ಲ. ಹದ್ದಕ್ಕನೇ ಬಿಟ್ಟಿದಾರೆ ಅಂದ್ರೆ ಸರೀಗೇ ಇರ್ಬೇಕು, ನಂದೇ ಭ್ರಮೆ ಅಂದ್ಕೊಂಡೆ."

"ನಾನು ನೋಡ್ಲಿಲ್ಲ ಕಣೇ."

"ಒಂದೇ ಒಂದನ್ನ ನನ್ನ ಮುಖಕ್ಕೆ ಎಸೆದಿದ್ರೂ ಸಾಕಿತ್ತಕ್ಕಾ. ಅಚ್ಚು ಬದಲಾಯ್ಸೋಕೆ ಐದು ನಿಮಿಷ. ನೀವು ಹಿಡೀತೀರಾ ಅನ್ನೋ ಧೈರ್ಯದ ಮೇಲೇ ನಾವು ಮೆಷಿನ್ ಓಡ್ಸೋದು. ನೀವೇ ಕಣ್ಮುಚ್ಕೊಂಡ್ರೆ ನಮ್ಮ ಗತಿ?"

ಅವಳು ಬೈಯುತ್ತಿರಲಿಲ್ಲ. ಲೈನಿನ ಹೆಂಗಸರು ಹತ್ತೊಂಬತ್ತು ವರ್ಷ ತನ್ನನ್ನು ಸಹಿಸಿಕೊಂಡಿದ್ದಾರೆ ಎಂದೇ ಹದ್ದಕ್ಕ ತಿಳಿದಿದ್ದಳು. ನಂಬಿಕೊಂಡಿದ್ದರು ಎನ್ನುವುದು ಈಗ ಗೊತ್ತಾಯಿತು. ಮುಂದಿನ ಅಂಗಿಗೆ ಬಗ್ಗಿದವಳು ಅರ್ಧದಲ್ಲೇ ನಿಂತು ಮೇಜಿನ ಅಂಚು ಹಿಡಿದುಕೊಂಡಳು.

"ಏನಾಯ್ತಕ್ಕಾ?"

"ಸೊಂಟ."

"ಎಷ್ಟು ದಿನದಿಂದ?"

"ತಿಂಗಳಾಗ್ತಾ ಬಂತು."

"ಡಾಕ್ಟ್ರಿಗೆ ಹೇಳಿದೀರಾ?"

ಹದ್ದಕ್ಕ ಮತ್ತೆ ಅಂಗಿಗೆ ಕೈ ಚಾಚಿದಳು. ಕಾಲರ್ ಹೊಲಿಯುವವಳು ಕೈಯಲ್ಲಿದ್ದ ಅಂಗಿಯನ್ನು ಮೇಜಿನ ಮೇಲಿಟ್ಟು ಅವಳನ್ನೇ ನೋಡಿದಳು. ಆಮೇಲೆ ಒಂದು ಸ್ಟೂಲು ಎಳೆದು ತಂದು, "ಕೂತ್ಕೊಂಡು ನೋಡಿ" ಎಂದಳು. ಕೂತು ಅಂಗಿ ನೋಡುವುದು ಆ ಮಹಡಿಯ ನಿಯಮಕ್ಕೆ ವಿರುದ್ಧ. ಸೂಪರ್‌ವೈಸರ್ ಬೇಕೆಂತಲೇ ಬೇರೆ ಕಡೆ ತಿರುಗಿಕೊಂಡ.

ಸಂಜೆಗೆ ಎಣಿಸಿದಾಗ ಸೊಟ್ಟ ಕಾಲರಿನವು ಇನ್ನೂರ ಹನ್ನೊಂದು.

ಮನೆಯಲ್ಲಿ ನಾದಿನಿ ಆಸ್ಪತ್ರೆಗೆ ಚೀಲ ತುಂಬುತ್ತಿದ್ದಳು. ಟವೆಲು, ಲೋಟ, ಬಾಚಣಿಗೆ, ನೋಟ್‌ಬುಕ್ಕು. ಊಟವಾದ ಮೇಲೆ ಅದೇ ನೋಟ್‌ಬುಕ್ಕನ್ನು ಚೀಲದಿಂದ ತೆಗೆದು ಅತ್ತಿಗೆಯ ಮುಂದಿಟ್ಟಳು. ಅವಳು ಪೆನ್ನು ಹಿಡಿದು ಕೂತು, 'ಇವತ್ತು ಇನ್ನೂರ ಹನ್ನೊಂದು ಅಂಗಿ ಹಿಡಿದೆ' ಎಂದು ಬರೆದಳು.

ನಾದಿನಿ ಹೆಗಲ ಮೇಲಿಂದ ಓದಿದಳು. "ಇದು ಒಳ್ಳೇದಾ ಅತ್ತಿಗೆ?"

"ಒಳ್ಳೇದೇ."

"ಇನ್ನೆರಡು?"

"ಇವತ್ತಿಗೆ ಇಷ್ಟೇ."

ಬೀಗ ಹಾಕಿ ಬಂದ ಗಂಡ ಎಲ್ಲಾ ಸರಿಹೋಗುತ್ತೆ ಎಂದ. ಅವನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಡಿಪೋದಲ್ಲಿ ಒಂದು ಬಸ್ಸು ಐದು ನಿಮಿಷ ತಡವಾದರೂ ಕಾಗದದ ಮೇಲೆ ಬರೆದುಕೊಳ್ಳುವ ಮನುಷ್ಯ. ಇವನಿಗೆ ಹೇಳಿದರೆ ಇವನು ನಿದ್ದೆ ಮಾಡುವುದಿಲ್ಲ. ನಾಳೆ ಡಾಕ್ಟರಮ್ಮನ ಮುಂದೆಯೇ ಹೇಳುವುದು ಎಂದು ಅವಳು ಬಲಕ್ಕೆ ತಿರುಗಿ ಮಲಗಿದಳು.

ಗುರುವಾರ ಬೆಳಗ್ಗೆ ಡಾಕ್ಟರಮ್ಮನ ಕೋಣೆಯಲ್ಲಿ ಮೂವರೂ ಸಾಲಾಗಿ ಕೂತರು. ಡಾಕ್ಟರಮ್ಮ ಫೈಲು ತಿರುವುತ್ತ, ನಾಳೆ ಎಷ್ಟು ಹೊತ್ತಿಗೆ ಬರಬೇಕು, ಏನು ತಿನ್ನಬಾರದು ಎಂದೆಲ್ಲ ಹೇಳಿ, "ಸರಿ ಹಾಗಾದ್ರೆ. ಮತ್ತೇನೂ ತೊಂದರೆ ಇಲ್ಲ ತಾನೇ?" ಎಂದರು.

"ಏನೇನೂ ಇಲ್ಲ ಡಾಕ್ಟ್ರೇ. ಅತ್ತಿಗೆ ಫಸ್ಟ್ ಕ್ಲಾಸಾಗಿದಾರೆ" ಎಂದಳು ನಾದಿನಿ.

"ಇದೆ" ಎಂದಳು ಹದ್ದಕ್ಕ.

ನಾದಿನಿ ಅವಳ ಮೊಣಕೈ ಮುಟ್ಟಿದಳು. ಅವಳು ಆ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಸ್ವರ ಏರಿಸಲಿಲ್ಲ. ಸೂಪರ್‌ವೈಸರ್‌ಗೆ ವರದಿ ಒಪ್ಪಿಸುವ ಹಾಗೆ ಹೇಳುತ್ತ ಹೋದಳು. "ಎಡಸೊಂಟದಲ್ಲಿ ನೋವು. ಈ ಮೂಳೆ ಇದೆಯಲ್ಲ, ಇಲ್ಲಿ. ಇಪ್ಪತ್ತೆಂಟು ದಿನ ಆಯ್ತು. ಮೊದಲು ಮೆಟ್ಟಿಲು ಹತ್ತುವಾಗ ಮಾತ್ರ ಇತ್ತು, ಈಗ ಮಲಗಿದ್ರೂ ಇದೆ. ಎಡಕ್ಕೆ ತಿರುಗಿ ಮಲಗೋಕೆ ಆಗಲ್ಲ. ಹೋದ ವಾರ ನೀವು ಕೇಳಿದಾಗ್ಲೂ ಇತ್ತು. ನಾನು ಹೇಳ್ಲಿಲ್ಲ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. ಮಲಗಿಸಿ, ಕಾಲು ಎತ್ತಿಸಿ, ಒತ್ತಿ ನೋಡಿದರು. ಒತ್ತಿದ ಒಂದು ಜಾಗದಲ್ಲಿ ಅವಳು "ಅಮ್ಮಾ" ಎಂದು ಕೂಗಿಯೇಬಿಟ್ಟಳು. ಪರದೆಯ ಆಚೆ ಗಂಡನ ಕುರ್ಚಿ ಕಿರ್ರೆಂದಿತು.

"ನಾಳೆ ಆಪರೇಷನ್ ಬೇಡ" ಎಂದರು ಡಾಕ್ಟರಮ್ಮ ವಾಪಸು ಬಂದು ಕೂತು. "ಸೊಂಟದ ಸ್ಕ್ಯಾನ್ ನೋಡದೆ ನಾನು ಕೈ ಹಚ್ಚಲ್ಲ. ಬರೀ ನರದ ಸೆಳೆತ ಇರ್ಬಹುದು. ಅದೇ ಕಾಯಿಲೆ ಮೂಳೆಗೂ ಹೋಗಿರ್ಬಹುದು. ಹೋಗಿದ್ರೆ ಚಿಕಿತ್ಸೆಯ ದಾರೀನೇ ಬೇರೆ, ಮೊದಲು ಔಷಧಿಯಿಂದ ಶುರು ಮಾಡ್ಬೇಕು. ಗೊತ್ತಿಲ್ದೆ ನಾಳೆ ಕೊಯ್ದಿದ್ರೆ ಔಷಧಿ ಇನ್ನೂ ತಡ ಆಗ್ತಿತ್ತು. ಈಗಲಾದ್ರೂ ಹೇಳಿದ್ರಲ್ಲ." ಫೋನೆತ್ತಿ ಯಾರೊಂದಿಗೋ ಜಗಳವಾಡಿ ಮಧ್ಯಾಹ್ನಕ್ಕೇ ಸ್ಕ್ಯಾನಿಗೆ ಸಮಯ ಗೊತ್ತುಮಾಡಿದರು.

ಗಂಡ ಕಾಗದಗಳನ್ನು ಹಿಡಿದುಕೊಂಡು ಕೌಂಟರಿನಿಂದ ಕೌಂಟರಿಗೆ ಓಡಾಡತೊಡಗಿದ. ಎಲ್ಲಾ ಸರಿಹೋಗುತ್ತೆ ಎನ್ನಲಿಲ್ಲ. ಒಮ್ಮೆ ಮಾತ್ರ ಹೆಂಡತಿಯ ಮುಂದೆ ಬಂದು ನಿಂತು, "ಇಪ್ಪತ್ತೆಂಟು ದಿನ ಪಕ್ಕದಲ್ಲೇ ಮಲಗಿದ್ದೆ ಕಣೇ, ನಂಗೆ ಗೊತ್ತಾಗ್ಲಿಲ್ಲ" ಎಂದ. ಹಾಗೆಂದವನೇ ಮತ್ತೊಂದು ಕೌಂಟರಿಗೆ ಹೋದ.

ಸ್ಕ್ಯಾನಿನ ಕೋಣೆಯ ಹೊರಗೆ ಉದ್ದ ಬೆಂಚು. ನಾದಿನಿ ಅದರ ಆ ತುದಿಯಲ್ಲಿ ಕೂತಿದ್ದಳು, ಇವಳು ಈ ತುದಿಯಲ್ಲಿ.

"ನನ್ ಮರ್ಯಾದೆ ತೆಗೆದ್ರಿ" ಎಂದಳು ನಾದಿನಿ.

"ಹೂಂ."

"ನಾನೇನು ನಿಮಗೆ ಕೆಟ್ಟದ್ದು ಬಯಸಿದ್ನಾ ಅತ್ತಿಗೆ? ಅಮ್ಮನಿಗೂ ಇದೇ ಆಗಿದ್ದು ನಿಮಗೆ ಗೊತ್ತಲ್ಲ. ಆರು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ಲು. ಅಳೋಳು. ನಾನು ಸಾಯ್ತೀನಿ, ನಾನು ಸಾಯ್ತೀನಿ, ಬೆಳಗ್ಗೆ ಎದ್ರೆ ಅದೇ. ನಂಗಾಗ ಹದಿನೈದು ವರ್ಷ. ಇನ್ನೊಂದ್ಸಲ ಅದನ್ನ ಕೇಳೋಕೆ ನನ್ನಿಂದ ಆಗಲ್ಲ."

ಹದ್ದಕ್ಕ ಬೆಂಚಿನ ಮೇಲೆ ಸರಿಯುತ್ತ ಸರಿಯುತ್ತ ಈ ತುದಿಯಿಂದ ಆ ತುದಿಗೆ ಬಂದಳು. ಸೊಂಟ ನೋಯುತ್ತಿದ್ದರಿಂದ ಅದಕ್ಕೆ ಹೊತ್ತು ಹಿಡಿಯಿತು.

"ನಾನು ಗೋಡೆ ಕಡೆ ತಿರುಗಲ್ಲ ಕಣೇ. ವಾಸಿ ಮಾಡ್ಕೋಬೇಕು ಅಂತಾನೇ ಬಂದಿರೋದು. ಆದ್ರೆ ನೋವಾದ್ರೆ ನೋವು ಅನ್ನೋಕೆ ಬಿಡು. ಭಯ ಆಗ್ತಿದೆ ನಂಗೆ. ತುಂಬಾ ಆಗ್ತಿದೆ."

ನಾದಿನಿಯ ಬಾಯಿ ಅಭ್ಯಾಸದಂತೆ ತೆರೆಯಿತು. ಆದರೆ ಮೂರು ಒಳ್ಳೆಯ ಮಾತು ಕೇಳಲಿಲ್ಲ. ಮೂಗು ಒರೆಸಿಕೊಂಡು, "ನಂಗೂ" ಎಂದಳು.

ಸ್ಕ್ಯಾನಿನ ಕೋಣೆಯಿಂದ ನರ್ಸ್ ಇಣುಕಿ, ಮೈಮೇಲೆ ಲೋಹ ಏನೂ ಇರಬಾರದು, ಓಲೆ ಬಿಚ್ಚಿಟ್ಟು ಬನ್ನಿ ಎಂದಳು. ಹದ್ದಕ್ಕ ಕಿವಿಗೆ ಕೈ ಹಾಕಿದಳು. ತಿರುಪು ಅಲುಗಲಿಲ್ಲ. ವರ್ಷಾನುಗಟ್ಟಲೆ ತೆಗೆಯದೆ ಬಿಗಿದುಕೊಂಡುಬಿಟ್ಟಿತ್ತು.

"ಬಿಡಿ, ನಾನು ತೆಗೀತೀನಿ" ಎಂದು ನಾದಿನಿ ಎದ್ದು ಎದುರು ನಿಂತಳು. ಎಡಗೈಯಲ್ಲಿ ಓಲೆ ಹಿಡಿದು ಬಲಗೈಯಲ್ಲಿ ತಿರುಪು ತಿರುಗಿಸಿದಳು. ಕಿವಿಯ ಹಾಲೆ ಎಳೆದಂತಾಗಿ ಕೆಂಪಾಯಿತು.

"ನೋವಾಗ್ತಿದ್ಯಾ ಅತ್ತಿಗೆ?"

"ಹೂಂ. ಆಗ್ತಿದೆ."

ನಾದಿನಿ ಕೈ ಬಿಟ್ಟಳು. ಬೆರಳಿಗೆ ಉಸಿರು ಊದಿ, ಬೆವರು ಒರೆಸಿಕೊಂಡು, ಇನ್ನಷ್ಟು ಹತ್ತಿರ ಬಗ್ಗಿ, ಈ ಸಲ ಮೆಲ್ಲಗೆ, ಕಾಲು ಸುತ್ತು ತಿರುಗಿಸುವುದು, ನಿಲ್ಲಿಸಿ ಮುಖ ನೋಡುವುದು, ಮತ್ತೆ ಕಾಲು ಸುತ್ತು ತಿರುಗಿಸುವುದು, ಹಾಗೆ ಬಿಚ್ಚತೊಡಗಿದಳು. ಬಾಗಿಲಲ್ಲಿ ನರ್ಸ್ ಕಾದು ನಿಂತಿದ್ದಳು.